ಹನ್ನೊಂದು ಸೊನ್ನೆಗಳು

ಅಜ್ಜಾವರ
11 ಜೂನ್ 2024

ಶಹನಾ ಟೀಚರಿಗೆ,

ನಿಮ್ಮ ಪರಿಚಯ ನನಗಿಲ್ಲ, ನನ್ನದು ನಿಮಗಿರಬೇಕೆಂದೂ ಇಲ್ಲ. ಸುಳ್ಯದ ಕಡೆ ಯಾರಲ್ಲಾದರೂ ಮಳೆ ಕೂಸಪ್ಪ ಎಂದರೆ ದಾರಿ ತೋರಿಸುತ್ತಾರೆ. ಸಾವಿರದ ಒಂಬೈನೂರ ಎಂಬತ್ತೆರಡರಿಂದ ನಮ್ಮ ಅಂಗಳದಲ್ಲಿ ಬಿದ್ದ ಮಳೆಯ ಲೆಕ್ಕ ನನ್ನ ಪುಸ್ತಕಗಳಲ್ಲಿ ಉಂಟು. ಒಟ್ಟು ನಲವತ್ತೆರಡು ಪುಸ್ತಕ.

ನನ್ನ ಸೊಸೆ ಪ್ರಣೀತಾ ‘ಮಳೆಪಟ್ಟಿ’ ಎಂಬ ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಹಾಕಿಕೊಂಡು ಈ ಪುಸ್ತಕಗಳನ್ನು ಅದರೊಳಗೆ ತುಂಬಿಸಲು ಹೊರಟಿದ್ದಾಳೆ. ಅದರ ಜೊತೆಗೆ ಒಂದು ಕನ್ನಡ ಕೈಪಿಡಿ ಬಂತು. ಪ್ರಿಂಟ್ ತೆಗೆದುಕೊಟ್ಟಳು, ಓದಿದೆ. ಕೊನೆಯ ಪುಟದಲ್ಲಿ ‘ತಪ್ಪು ಕಂಡರೆ ತಿಳಿಸಿ’ ಎಂದು ನಿಮ್ಮ ಹೆಸರು ಇತ್ತು. ಇಮೇಲ್ ನನಗೆ ಆಗಿಬರುವುದಿಲ್ಲ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಸೊಸೆಯಿಂದ ನಿಮ್ಮ ಅಂಚೆ ವಿಳಾಸ ಕೇಳಿಸಿ ಬರೆಯುತ್ತಿದ್ದೇನೆ.

ತಪ್ಪು ಕಂಡಿದೆಯೇ ಎಂದರೆ, ತಪ್ಪಿಲ್ಲದ ಪುಟ ಕಾಣಲಿಲ್ಲ. ‘ನಿಗದಿತ ವೇಳೆಯಲ್ಲಿ ಮಾಪನ ವೀಕ್ಷಣೆ ಕೈಗೊಂಡು ಮೌಲ್ಯವನ್ನು ನಮೂದಿಸತಕ್ಕದ್ದು’ ಎಂದು ಬರೆದಿದ್ದೀರಿ. ಯಾರು ನಿಗದಿ ಮಾಡಿದ ವೇಳೆ? ಮಳೆಗೆ ನೋಟೀಸು ಕೊಟ್ಟ ಹಾಗೆ ಉಂಟು. ರಾತ್ರಿ ಇಡೀ ಸುರಿದ ಮಳೆಯನ್ನು ಬೆಳಿಗ್ಗೆ ಅಳೆದರೆ ಅದನ್ನು ನಿನ್ನೆಯ ತಾರೀಕಿಗೆ ಬರೆಯುವುದೋ ಇವತ್ತಿನದಕ್ಕೋ? ಅದು ಎಲ್ಲಿಯೂ ಇಲ್ಲ. ಇದನ್ನು ಬರೆದ ಮಹಾನುಭಾವರು ಜೀವಮಾನದಲ್ಲಿ ಒಮ್ಮೆಯಾದರೂ ಮಳೆ ನೋಡಿದ್ದಾರೆಯೇ ಎಂದು ವಿಚಾರಿಸಿ ತಿಳಿಸಬೇಕು.

ಇತಿ,
ಕೂಸಪ್ಪ ಗೌಡ


ಕಡಬ
17 ಜೂನ್ 2024

ಮಾನ್ಯ ಕೂಸಪ್ಪ ಗೌಡರಿಗೆ ಶಹನಾ ಮಾಡುವ ನಮಸ್ಕಾರ.

ನಿಮ್ಮ ಪತ್ರವನ್ನು ಸ್ಟಾಫ್‌ರೂಮಿನಲ್ಲಿ ಓದಿ ಒಬ್ಬಳೇ ನಕ್ಕೆ. ನಮ್ಮ ಶಾಲೆಗೆ ನನ್ನ ಹೆಸರಿಗೆ ಕೈಬರಹದ ಪತ್ರ ಬಂದದ್ದು ಇದೇ ಮೊದಲು. ಕೈಪಿಡಿ ಬರೆದವರಿಗೆ ನಿಮ್ಮ ಪ್ರಶ್ನೆಯನ್ನು ತಲುಪಿಸಿದ್ದೇನೆ. ಅವರು ಮಳೆ ನೋಡಿದ್ದಾರಂತೆ, ಕಿಟಕಿಯಿಂದ.

ಮಳೆಪಟ್ಟಿ ಯಾರೊಬ್ಬರ ಸೊತ್ತೂ ಅಲ್ಲ. ಉಪ್ಪಿನಂಗಡಿಯ ಹಕೀಮ್ ಶುರು ಮಾಡಿದರು. ಈಗ ಏಳೆಂಟು ಮಂದಿ ಬಿಡುವಿನಲ್ಲಿ ಕೂಡಿ ಮಾಡುತ್ತೇವೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಮೊದಲು ಬೇಸಿಗೆ ಬರುವಾಗ ಊರಿನವರೆಲ್ಲ ಸೇರಿ ತೋಡಿಗೆ ಕಟ್ಟ ಹಾಕುತ್ತಿದ್ದರಲ್ಲ, ಒಬ್ಬ ಕಲ್ಲು, ಒಬ್ಬ ಮಣ್ಣು, ಒಬ್ಬ ಸೊಪ್ಪು, ಹಾಗೆ ಇದು. ಪ್ರೋಗ್ರಾಮ್ ಬರೆಯಲು ಜನ ಸಿಗುತ್ತಾರೆ. ಕೈಪಿಡಿ ತಿದ್ದಲು ಮಾತ್ರ ಯಾರೂ ಸಿಗುವುದಿಲ್ಲ. ಎಲ್ಲರೂ ‘ಚೆನ್ನಾಗಿದೆ’ ಎಂದು ಹೇಳಿ ಜಾರಿಕೊಳ್ಳುತ್ತಾರೆ. ನೀವು ಜಾರಿಕೊಳ್ಳದಂತೆ ಇದರ ಜೊತೆ ಮೊದಲ ಇಪ್ಪತ್ತು ಪುಟ ಕಳಿಸುತ್ತಿದ್ದೇನೆ. ಪುಟದ ಅರ್ಧವನ್ನು ಖಾಲಿ ಬಿಟ್ಟಿದ್ದೇನೆ. ಅದು ನಿಮ್ಮ ಜಾಗ.

ನನಗೆ ಮಳೆಯ ಹುಚ್ಚು ಹತ್ತಿಸಿದ್ದು ನನ್ನ ಅಪ್ಪ ಹಂಝ. ಕಬಕ ಜಂಕ್ಷನ್ನಿನಲ್ಲಿ ಅವರದ್ದು ಕೊಡೆ ರಿಪೇರಿಯ ಸಣ್ಣ ಗೂಡಂಗಡಿ. ದಿನಕ್ಕೆ ಎಷ್ಟು ಕೊಡೆ ಬಂತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದರು. ಶಾಲೆ ಬಿಟ್ಟು ಬಂದವಳು ನಾನು ಆ ಗೀಟುಗಳನ್ನು ಎಣಿಸಿ ಯಾವ ತಿಂಗಳು ಗಾಳಿಮಳೆ ಜೋರಿತ್ತು ಎಂದು ಹೇಳುತ್ತಿದ್ದೆ. ಅಂಗಡಿ ಹೋಯಿತು, ಅಪ್ಪ ಹೋದರು. ಆ ಕ್ಯಾಲೆಂಡರುಗಳನ್ನು ಯಾರೋ ಒಲೆಗೆ ಹಾಕಿದರು. ನಿಮ್ಮ ನಲವತ್ತೆರಡು ಪುಸ್ತಕ ಎಂದ ಕೂಡಲೇ ಮೊದಲು ನೆನಪಾದದ್ದು ಅದೇ.

ಶಹನಾ


ಅಜ್ಜಾವರ
2 ಜುಲೈ 2024

ಶಹನಾ ಟೀಚರಿಗೆ,

ಇಪ್ಪತ್ತು ಪುಟವನ್ನೂ ತಿದ್ದಿ ಇಟ್ಟಿದ್ದೇನೆ. ಕೆಂಪು ಪೆನ್ನು ಎರಡು ಮುಗಿಯಿತು. ಸಂಜೆ ಜಗಲಿಯಲ್ಲಿ ಕೂತು ಒಂದೊಂದೇ ಪುಟ ಗಟ್ಟಿಯಾಗಿ ಓದುತ್ತೇನೆ, ಆಮೇಲೆ ತಿದ್ದುತ್ತೇನೆ. ಮನೆಯವರಿಗೂ ಕೇಳುತ್ತದೆ, ಅವರಿಗೂ ನಗೆ ಬರುತ್ತದೆ. ‘ವೀಕ್ಷಕನು’ ಎಂಬ ಶಬ್ದ ಬಂದಾಗಲೆಲ್ಲ ನಮ್ಮಲ್ಲಿ ಈಗ ಒಂದು ನಗೆ ಗ್ಯಾರಂಟಿ.

ಮುಖ್ಯವಾದ ಕೆಲವನ್ನು ಇಲ್ಲಿಯೂ ಬರೆಯುತ್ತೇನೆ. ಅಳೆಯುವುದು ಬೆಳಿಗ್ಗೆ ಎಂಟೂವರೆಗೆ. ಅಳೆದ ದಿನದ ತಾರೀಕಿಗೆ ಬರೆಯುವುದು. ಇಷ್ಟೇ ಸಾಕು, ‘ತಕ್ಕದ್ದು’ ಬೇಡ. ಅಳೆಯುವ ಗ್ಲಾಸನ್ನು ಮೆಟ್ಟಿಲ ಮೇಲೆ ಇಟ್ಟು ಮೇಲಿನಿಂದ ಇಣುಕಿದರೆ ಲೆಕ್ಕ ತಪ್ಪುತ್ತದೆ. ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ನೀರು ಅಂಚಿನಲ್ಲಿ ಸ್ವಲ್ಪ ಮೇಲೆ ಹತ್ತಿ ನಿಲ್ಲುತ್ತದೆ, ಅದನ್ನಲ್ಲ, ನಡುವಿನ ತಗ್ಗನ್ನು ನೋಡಬೇಕು. ಜೋರು ಮಳೆಯ ದಿನ ಒಂದು ಗ್ಲಾಸಿನಲ್ಲಿ ಮುಗಿಯುವುದಿಲ್ಲ. ಆರೇಳು ಸಲ ತುಂಬಿಸಿ ಚೆಲ್ಲಬೇಕು. ಆಗ ಎಷ್ಟನೆಯದು ಎಂದು ಮರೆಯುತ್ತದೆ. ಒಂದು ಗ್ಲಾಸಿಗೆ ಒಂದು ಹುಣಸೆ ಬೀಜ ಜಗಲಿಯಲ್ಲಿ ಇಡುತ್ತಾ ಹೋದರೆ ತಪ್ಪುವುದಿಲ್ಲ. ಮಳೆಮಾಪಕದ ಮೇಲಿನ ಆಲಿಕೆಯ ಬಾಯಿಗೆ ಎಲೆ ಸಿಕ್ಕಿದೆಯೋ, ಮರಕಪ್ಪೆ ಕೂತಿದೆಯೋ ಎಂದು ಮೊದಲು ನೋಡಬೇಕು. ಒದ್ದೆ ಕೈಯನ್ನು ಗ್ಲಾಸಿನ ಮೇಲೆ ತರಬಾರದು. ಬಳೆ ಹಾಕಿದ ಕೈಯಾದರೆ ಬಳೆಯಿಂದ ಇಳಿಯುವ ನೀರಿನ ಬಗ್ಗೆಯೂ ಜಾಗ್ರತೆ ಬೇಕು.

ಈ ಇಪ್ಪತ್ತು ದಿನದಲ್ಲಿ ಪ್ರಣೀತಾ ಹತ್ತು ಪುಸ್ತಕ ತುಂಬಿಸಿದ್ದಾಳೆ. ಹಳೆಯ ಪುಸ್ತಕ ಬಿಡಿಸುವಾಗ ಇರುವೆ, ನುಸಿಗುಳಿಗೆಯ ವಾಸನೆ, ಒಂದರಲ್ಲಿ ಒಣಗಿದ ಮಲ್ಲಿಗೆ. ಅದನ್ನು ಯಾರು ಇಟ್ಟದ್ದೋ. ಆಗ ಮಾಪಕವನ್ನು ಕೊಟ್ಟು ಹೋದ ಕೃಷಿ ಆಫೀಸರು ಸೈಕಲಿನಲ್ಲಿ ಬರುತ್ತಿದ್ದರು. ಅಂಗಳದಲ್ಲಿ ಸೈಕಲಿನ ಬೆಲ್ ಕೇಳಿದರೆ ಮನೆಯಲ್ಲಿ ಚಾ ಇಡುವುದು. ಆ ಕಾಲ ಹೋದದ್ದೇ ತಿಳಿಯಲಿಲ್ಲ.

ಕೂಸಪ್ಪ


ಕಡಬ
20 ಜುಲೈ 2024

ಪ್ರೀತಿಯ ಕೂಸಪ್ಪಣ್ಣನವರಿಗೆ,

ಇನ್ನು ಗೌಡರೆ ಎಂದು ಬರೆಯಲು ಮನಸ್ಸಾಗುವುದಿಲ್ಲ. ಅಣ್ಣ ಎನ್ನುತ್ತೇನೆ, ಬೇಡವೆಂದರೆ ಕೆಂಪು ಪೆನ್ನಿನಲ್ಲಿ ತಿದ್ದಿ.

ನೀವು ಹೇಳಿದ್ದನ್ನೆಲ್ಲ ಸೇರಿಸಿ ಎಲ್ಲರಿಗೂ ನೋಡಲು ಹಾಕಿದೆ. ಹುಣಸೆ ಬೀಜದ ಸಾಲನ್ನು ಓದಿ ಹಕೀಮ್, “ಇದು ಮಾರಾಯ್ರೆ ಕೈಪಿಡಿ ಅಂದ್ರೆ, ನಾವು ಬರ್ದದ್ದೆಲ್ಲ ಎಂತದು?” ಎಂದರು. ಬಳೆಯ ನೀರಿನ ಮಾತಂತೂ ನನಗೆ ತುಂಬ ಹಿಡಿಸಿತು. ಗಂಡಸರಾಗಿ ಹೆಂಗಸರ ಕೈಯ ಬಗ್ಗೆಯೂ ಯೋಚಿಸಿದ್ದೀರಲ್ಲ. ಇಷ್ಟು ವರ್ಷ ಸ್ವತಃ ಅಂಗಳಕ್ಕೆ ಇಳಿದು, ಬಗ್ಗಿ ನೋಡಿದವರಿಗೆ ಮಾತ್ರ ಬರುವ ಮಾತುಗಳಿವು. ಕೈಪಿಡಿಯ ಮೊದಲ ಪುಟದಲ್ಲಿ ಕೊಡುಗೆ ಕೊಟ್ಟವರ ಪಟ್ಟಿ ಇರುತ್ತದೆ. ಅದರಲ್ಲಿ ಎಲ್ಲಕ್ಕಿಂತ ಮೇಲೆ ನಿಮ್ಮ ಹೆಸರು ಹಾಕಿದ್ದೇನೆ. ನಿಮ್ಮ ಮಳೆಯ ದಾಖಲೆಯಲ್ಲೂ ‘ಅಳೆದವರು’ ಎಂಬಲ್ಲಿ ಪ್ರಣೀತಾ ನಿಮ್ಮ ಹೆಸರು ತುಂಬಿಸಿದ್ದಾರೆ.

ಈಗ ನನ್ನದೊಂದು ತಪ್ಪೊಪ್ಪಿಗೆ. ನೀವು ವಿಚಾರಿಸಿದ ಮಹಾನುಭಾವರು ನಾನೇ. ಕೊರೋನಾದ ವರ್ಷ ಮನೆಯಲ್ಲಿ ಕೂತು ಬರೆದದ್ದು. ಸರಕಾರಿ ಸುತ್ತೋಲೆಯ ಹಾಗಿದ್ದರೆ ಗೌರವ ಸಿಗುತ್ತದೆ ಎಂದುಕೊಂಡಿದ್ದೆ. ಜೂನಿನಲ್ಲೇ ಹೇಳಬೇಕಿತ್ತು, ನಾಚಿಕೆಯಾಯಿತು.

ಒಂದು ಸಣ್ಣ ಸಂಶಯ. ಮಳೆಪಟ್ಟಿ ತಾನಾಗಿಯೇ ಒಂದು ಕಡೆ ಕೆಂಪು ಗುರುತು ತೋರಿಸಿದೆ. 1988ರ ಜುಲೈ 9ರಿಂದ 19ರವರೆಗೆ, ಹನ್ನೊಂದು ದಿನ ಸಾಲಾಗಿ ಸೊನ್ನೆ. ಮಳೆ ಜಡಿಯುವ ಆಟಿ ತಿಂಗಳು ಹತ್ತಿರ ಬರುವ ಹೊತ್ತಿನಲ್ಲಿ ಅಜ್ಜಾವರದಲ್ಲಿ ಹನ್ನೊಂದು ದಿನ ಹನಿ ಬೀಳದೆ ಇರುವುದು ಉಂಟೇ? ಪುಸ್ತಕ ನೋಡಿ ಒಂದು ಸಾಲು ಬರೆಯಿರಿ.

ಶಹನಾ


ಅಜ್ಜಾವರ
24 ಸೆಪ್ಟೆಂಬರ್ 2024

ಶಹನಾ ಟೀಚರಿಗೆ,

ಪತ್ರ ತಲುಪಿತ್ತು. ಅಡಿಕೆಗೆ ಮದ್ದು ಬಿಡುವ ಗಡಿಬಿಡಿ, ಬರೆಯಲು ಆಗಲಿಲ್ಲ.

ಕೈಪಿಡಿ ಬರೆದವರು ನೀವೇ ಎಂದು ನಿಮ್ಮ ಮೊದಲ ಪತ್ರದಲ್ಲೇ ಗೊತ್ತಾಗಿತ್ತು. ಕಿಟಕಿಯ ಮಾತು ಬೇರೆಯವರು ಹೇಳುವಂಥದ್ದಲ್ಲ. ನಾಚಿಕೆ ಬೇಡ.

88ರ ವಿಷಯ. ಆ ವರ್ಷ ಮಳೆ ಬಾರದೆ ಇದ್ದಿರಲೂಬಹುದು. ಹಳೆಯ ಮಾತು, ಈಗ ಕೆದಕಿ ಆಗಬೇಕಾದ್ದೇನಿಲ್ಲ. ಕೆಂಪು ಗುರುತನ್ನು ತೆಗೆದುಬಿಡಿ.

ಉಳಿದ ಪುಟಗಳನ್ನು ಸದ್ಯಕ್ಕೆ ಕಳಿಸುವುದು ಬೇಡ.

ಕೂಸಪ್ಪ


ಕಡಬ
1 ಅಕ್ಟೋಬರ್ 2024

ಕೂಸಪ್ಪಣ್ಣನವರಿಗೆ,

ಎರಡು ತಿಂಗಳು ದಿನಾ ಪೋಸ್ಟ್‌ಮ್ಯಾನ್ ಮುಖ ನೋಡಿದೆ. ಕೊನೆಗೆ ಬಂದ ಪತ್ರ ನೋಡಿ ನಿಮಗೆ ಬೇಜಾರು ಮಾಡಿದೆ ಎಂದು ತಿಳಿಯಿತು. ನಿಮ್ಮ ಲೆಕ್ಕದ ಮೇಲೆ ನನಗೆ ಸಂಶಯ ಇಲ್ಲ. ಗಣಿತದ ಟೀಚರಿಗೆ ಸೊನ್ನೆ ಕಂಡರೆ ಕೈ ಸುಮ್ಮನಿರುವುದಿಲ್ಲ, ಅಷ್ಟೆ.

ಆದರೆ ಗುರುತು ತೆಗೆಯಲು ಮನಸ್ಸು ಒಪ್ಪುತ್ತಿಲ್ಲ. ನಿಮ್ಮ ಪಕ್ಕದ ಮಂಡೆಕೋಲಿನ ಚನಿಯಪ್ಪನವರಲ್ಲಿಯೂ ಹಳೆಯ ಪುಸ್ತಕ ಉಂಟು. ಅವರಲ್ಲಿ ಆ ಹನ್ನೊಂದು ದಿನಕ್ಕೆ ಐನೂರು ಮಿಲಿಮೀಟರಿಗಿಂತ ಜಾಸ್ತಿ. ಅಂದರೆ ಮಳೆ ಬಂದಿತ್ತು, ನಿಮ್ಮಲ್ಲಿ ಅಳೆದಿರಲಿಲ್ಲ. ಮೈ ಹುಷಾರಿರಲಿಲ್ಲವೋ ಏನೋ. ನಲವತ್ತೆರಡು ವರ್ಷದಲ್ಲಿ ಹನ್ನೊಂದು ದಿನ ತಪ್ಪಿದರೆ ಯಾರು ಏನು ಹೇಳುತ್ತಾರೆ?

ತಪ್ಪು ನಿಮ್ಮದೂ ಅಲ್ಲ, ಪುಸ್ತಕದಲ್ಲಿ ಖಾಲಿ ಇದ್ದ ಕಡೆ ಪ್ರಣೀತಾ ಸೊನ್ನೆ ತುಂಬಿಸಿರಬೇಕು. ನನ್ನ ಕೈಪಿಡಿಯಲ್ಲಿ ‘ಎಲ್ಲ ಜಾಗಗಳನ್ನೂ ಭರ್ತಿ ಮಾಡತಕ್ಕದ್ದು’ ಎಂದು ಬರೆದವಳು ನಾನು. ಹಾಗೆ ಹೇಳಿದರೆ ಜನ ಸೊನ್ನೆಯನ್ನೇ ತುಂಬಿಸುತ್ತಾರೆ. ಅದನ್ನು ತೆಗೆದು ಹೊಸ ಅಧ್ಯಾಯ ಬರೆದಿದ್ದೇನೆ. ಮಳೆ ಬಾರದಿದ್ದರೆ ಸೊನ್ನೆ ಬರೆಯಿರಿ, ಅಳೆಯದಿದ್ದರೆ ಖಾಲಿ ಬಿಡಿ, ಯಾಕೆ ಅಳೆಯಲಿಲ್ಲ ಎಂದು ಪಕ್ಕದಲ್ಲಿ ಬರೆಯಿರಿ. ಇದಕ್ಕೆ ನಿಮ್ಮ ಹನ್ನೊಂದು ದಿನವನ್ನೇ ಉದಾಹರಣೆ ಮಾಡಲು ಒಪ್ಪಿಗೆ ಕೊಡಿ.

ಸಂತೋಷದ ಸುದ್ದಿ. ಕೈಪಿಡಿಯ ಬಿಡುಗಡೆ ಡಿಸೆಂಬರ್ 8, ಭಾನುವಾರ, ಸುಳ್ಯದಲ್ಲಿ. ಊರೂರಿನ ಮಳೆ ಬರೆಯುವವರೆಲ್ಲ ಬರುತ್ತಾರೆ. ಬಿಡುಗಡೆ ಮಾಡುವವರು ನೀವು. ‘ನಲವತ್ತೆರಡು ವರ್ಷ ಮಳೆ ಅಳೆದ ಕೂಸಪ್ಪ ಗೌಡ’ ಎಂದು ಆಮಂತ್ರಣ ಬರೆದಾಗಿದೆ, ಪ್ರಿಂಟಿಗೆ ಹೋಗುವುದು ಬಾಕಿ. ಇನ್ನಾದರೂ ಸಿಟ್ಟು ಬಿಡಿ.

ಶಹನಾ


ಅಜ್ಜಾವರ
20 ಅಕ್ಟೋಬರ್ 2024

ಶಹನಾ ಟೀಚರಿಗೆ,

ಆಮಂತ್ರಣ ಪ್ರಿಂಟ್ ಮಾಡಬೇಡಿ. ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವ ಮೊದಲು ಪೋಸ್ಟಿಗೆ ಹಾಕುತ್ತೇನೆ.

ಮಳೆ ಅಳೆದದ್ದು ನಾನಲ್ಲ. ನನ್ನ ಹೆಂಡತಿ ನೀಲಾವತಿ.

ಎಂಬತ್ತೆರಡರಲ್ಲಿ ಆಫೀಸರು ಮಾಪಕವನ್ನು ನನ್ನ ಕೈಗೆ ಕೊಟ್ಟದ್ದು ನಿಜ. ನಾಲ್ಕು ದಿನ ಅಳೆದೆ. ಐದನೆಯ ದಿನ ಚಳಿ, ಹೊದ್ದು ಮಲಗಿದ್ದೆ. ಎದ್ದು ನೋಡಿದರೆ ಇವಳು ತಲೆ ಬೆನ್ನು ಮುಚ್ಚುವ ಓಲೆಯ ಗೊರಬೆ ಹಾಕಿಕೊಂಡು ಅಂಗಳದಲ್ಲಿ ಗ್ಲಾಸು ಎತ್ತಿ ಹಿಡಿದು ನಿಂತಿದ್ದಾಳೆ. ಮದುವೆಯಾಗಿ ಒಂದು ವರ್ಷ ಆಗಿತ್ತಷ್ಟೆ. ನಿನಗೆ ಯಾಕೆ ಇದು ಎಂದದ್ದಕ್ಕೆ, “ಶುರು ಮಾಡಿದ ಮೇಲೆ ನಿಲ್ಲಿಸುದು ಸರಿಯಲ್ಲ” ಎಂದಳು. ನಮ್ಮಲ್ಲಿ ಮಾತು ಅರೆಭಾಷೆ, ನಿಮಗೆ ತಿಳಿಯುವಂತೆ ಬರೆಯುತ್ತಿದ್ದೇನೆ. ಆವತ್ತಿನಿಂದ ಎರಡು ಸಾವಿರದ ಹದಿನಾಲ್ಕರಲ್ಲಿ ಮೊಣಗಂಟು ಹಿಡಿದು ಮೆಟ್ಟಿಲು ಇಳಿಯಲಾಗದೆ ಹೋಗುವವರೆಗೆ, ಮೂವತ್ತೆರಡು ವರ್ಷ, ಅವಳು ಅಂಗಳದಿಂದ ಕೂಗಿ ಹೇಳುವುದು, ನಾನು ಜಗಲಿಯಲ್ಲಿ ಚಾ ಕುಡಿಯುತ್ತಾ ಬರೆಯುವುದು. ಪುಸ್ತಕದ ಮೇಲೆ ‘ದಾಖಲಿಸಿದವರು ಕೂಸಪ್ಪ ಗೌಡ’ ಎಂದು ಬರೆದೆ. ಸುಳ್ಳು ಬರೆಯಲಿಲ್ಲ. ಸುಳ್ಳು ಬರೆಯದೆಯೂ ಎಷ್ಟು ಸುಳ್ಳು ಹೇಳಬಹುದು ಎಂದು ಈಗ ಗೊತ್ತಾಗುತ್ತದೆ.

ಜನ ಮಳೆ ಕೂಸಪ್ಪ ಎಂದು ಕರೆಯಲು ಶುರು ಮಾಡಿದರು. ಕೇಳಲು ಹಿತವಾಗಿತ್ತು. 2009ರಲ್ಲಿ ಕೃಷಿಕರ ಸಭೆಯಲ್ಲಿ ಶಾಲು ಹೊದಿಸಿದರು. ನೀಲಾವತಿ ಮೂರನೇ ಸಾಲಿನಲ್ಲಿ ಕೂತಿದ್ದಳು. ಅವಳ ಕಡೆ ನೋಡಲಿಲ್ಲ ನಾನು.

88ರ ಜುಲೈಯಲ್ಲಿ ಅವಳು ಹೆರಿಗೆಗೆ ಪುತ್ತೂರಿನ ಆಸ್ಪತ್ರೆಯಲ್ಲಿದ್ದಳು. ಮಗ ಸುಜಯ್ ಹುಟ್ಟಿದ. ಆಪರೇಷನ್ ಆಗಿ ಹನ್ನೊಂದು ದಿನ ಇಟ್ಟುಕೊಂಡರು. ನಾನು ದಿನಾ ಮಧ್ಯಾಹ್ನದ ಬಸ್ಸಿನಲ್ಲಿ ಗಂಜಿ ತೆಗೆದುಕೊಂಡು ಹೋಗಿ ಸಂಜೆ ಬರುವುದು. ಅಂಗಳಕ್ಕೆ ಬರುವಾಗ ಮಾಪಕ ದಾರಿಗೆ ಅಡ್ಡ ಸಿಗುತ್ತದೆ. ಒಂದು ದಿನವೂ ಬಗ್ಗಿ ನೋಡಲಿಲ್ಲ. ಅದು ಅವಳ ಕೆಲಸ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ಯಾರಾದರೂ ಪುಸ್ತಕ ನೋಡಿದರೆ ಖಾಲಿ ಸಾಲು ಚಂದ ಕಾಣುವುದಿಲ್ಲ ಎಂದು ಒಂದು ಸಂಜೆ ಕೂತು ಸೊನ್ನೆ ಬರೆದೆ. ಅವಳು ಕೂಸನ್ನು ಹಿಡಿದುಕೊಂಡು ಬಂದವಳು ಒಳಗೆ ಕಾಲಿಡುವ ಮೊದಲು ಮಾಪಕದ ಹತ್ತಿರ ಹೋದಳು. ನೀರು ತುಂಬಿ ಹೊರಗೆ ಹರಿಯುತ್ತಿತ್ತು. ಆ ಮೇಲೆ ಪುಸ್ತಕ ನೋಡಿದಳು. ನನ್ನನ್ನು ನೋಡಿದಳು. ಕೂಸನ್ನು ಮಲಗಿಸಲು ಒಳಗೆ ಹೋದಳು.

ಇದಕ್ಕಿಂತ ದೊಡ್ಡದು ಇನ್ನೊಂದುಂಟು. ಈ ವರ್ಷ ನಿಮಗೆ ಕಳಿಸಿದ ತಿದ್ದುಪಡಿ, ಕಣ್ಣಿನ ಮಟ್ಟ, ಹುಣಸೆ ಬೀಜ, ಬಳೆಯ ನೀರು, ಎಲ್ಲ ಅವಳದ್ದು. ನಾನು ಜಗಲಿಯಲ್ಲಿ ಓದುವುದು, ಅವಳು ಒಳಗಿನಿಂದ ಹೇಳುವುದು, ನಾನು ಬರೆಯುವುದು. ಎಪ್ಪತ್ತೆರಡನೆಯ ವಯಸ್ಸಿನಲ್ಲಿಯೂ ಅದನ್ನೇ ಮಾಡಿದೆ. ‘ಬಗ್ಗಿ ನೋಡಿದವರಿಗೆ ಮಾತ್ರ ಬರುವ ಮಾತು’ ಎಂದು ನೀವು ಬರೆದದ್ದನ್ನು ಅವಳಿಗೆ ಓದಿ ಹೇಳುವಾಗ ಆ ಸಾಲನ್ನು ಹಾರಿಸಿದೆ. ಎರಡು ತಿಂಗಳು ಬರೆಯಲಾಗದ್ದು ಅದಕ್ಕೆ.

ಕೈಪಿಡಿಯಿಂದ ನನ್ನ ಹೆಸರನ್ನು ಸದ್ದಿಲ್ಲದೆ ತೆಗೆಯಿರಿ. ಅವಳ ಹೆಸರು ಹಾಕುವುದೂ ಬೇಡ, ಯಾಕೆ ಏನು ಎಂದು ಊರವರು ಕೇಳುತ್ತಾರೆ. ಎಂಟನೇ ತಾರೀಕಿಗೆ ನನಗೆ ಜ್ವರ ಎಂದು ಹೇಳಿ ಸುಧಾರಿಸಿ. ಇಷ್ಟು ಉಪಕಾರ ಮಾಡಬೇಕು.

ಕೂಸಪ್ಪ


ಕಡಬ
28 ಅಕ್ಟೋಬರ್ 2024

ಕೂಸಪ್ಪಣ್ಣ,

ಬಳೆಯ ಮಾತು ಓದಿದಾಗಲೇ ನನಗೆ ಹೊಳೆಯಬೇಕಿತ್ತು. ನನ್ನ ಕೈಯಲ್ಲೂ ಬಳೆ ಉಂಟು. ಗಂಡಸರು ಎಷ್ಟು ಸೂಕ್ಷ್ಮ ಎಂದು ಹೊಗಳಿ ಕಳಿಸಿದೆನಲ್ಲ, ಟೀಚರಾಗಿ ಏನು ಪ್ರಯೋಜನ.

ಆಮಂತ್ರಣ ನಿಲ್ಲಿಸಿದ್ದೇನೆ. ಉಳಿದ ಉಪಕಾರ ಮಾಡಲಾರೆ. ಒಂದು, ನನಗೆ ಸುಳ್ಳು ಜ್ವರ ಹೇಳಲು ಬರುವುದಿಲ್ಲ. ಇನ್ನೊಂದು, ನಮ್ಮ ಕೆಲಸದಲ್ಲಿ ಸದ್ದಿಲ್ಲದೆ ತೆಗೆಯುವುದು ಎಂಬುದು ಇಲ್ಲ. ಯಾವುದನ್ನೂ ಅಳಿಸಲು ಬರುವುದಿಲ್ಲ, ಬದಲಾಯಿಸಬಹುದು. ಹಳೆಯದು ಹಿಂದೆ ಹಾಗೆಯೇ ಇರುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು. ಪ್ರತಿ ಬದಲಾವಣೆಯ ಕೆಳಗೆ ಮಾಡಿದವರ ಹೆಸರು, ಯಾಕೆ ಮಾಡಿದ್ದು ಎಂದು ಒಂದು ಸಾಲಿನ ಕಾರಣ ಇರಲೇಬೇಕು. ಕಾರಣ ಇಲ್ಲದ ಬದಲಾವಣೆಯನ್ನು ಹಕೀಮ್ ಒಳಗೆ ಬಿಡುವುದಿಲ್ಲ, ನಾನು ಮಾಡಿದರೂ ಬಿಡುವುದಿಲ್ಲ. ನಿಮ್ಮ ಹೆಸರಿರುವ ಕಡೆ ಬೇರೆ ಹೆಸರು ಬರಬೇಕಾದರೆ ಆ ಕಾರಣದ ಸಾಲನ್ನು ನಾನು ಬರೆಯಲಾರೆ. ಅದು ನಿಮ್ಮದು.

ಮತ್ತೊಂದು. ಒಬ್ಬರ ಹೆಸರನ್ನು ಅವರನ್ನು ಕೇಳದೆ ಪಟ್ಟಿಗೆ ಹಾಕುವುದಿಲ್ಲ. ಅವರನ್ನು ಕೇಳದೆ ಬಿಡುವುದೂ ಇಲ್ಲ. ನಿಮ್ಮ ಪತ್ರದಲ್ಲಿ ಊರವರು ಏನು ಹೇಳುತ್ತಾರೆ ಎಂದು ಉಂಟು. ನೀಲಾವತಿಯಕ್ಕ ಏನು ಹೇಳುತ್ತಾರೆ ಎಂದು ಇಲ್ಲ. ಕೇಳಿದ್ದೀರಾ?

ನಿಮ್ಮ ಮೇಲೆ ನನಗೆ ಸಿಟ್ಟು ಬಂದಿತ್ತು, ಎರಡು ದಿನ ಇತ್ತು. ಮತ್ತೆ ನೆನಪಾಯಿತು. ಅಪ್ಪನ ಕ್ಯಾಲೆಂಡರಿನ ಗೀಟುಗಳ ಬಗ್ಗೆ ಬರೆದೆನಲ್ಲ, ಆ ಕೊಡೆಗಳಿಗೆ ಬಟ್ಟೆ ಹೊಲಿಯುತ್ತಿದ್ದದ್ದು ಅಮ್ಮ. ನಿಮಗೆ ಬರೆಯುವಾಗ ಅಮ್ಮನ ಹೆಸರು ನನ್ನ ಪೆನ್ನಿಗೆ ಬರಲಿಲ್ಲ. ಅವರು ಈಗಲೂ ನನ್ನ ಜೊತೆಯಲ್ಲೇ ಇದ್ದಾರೆ. ಆಚೆ ಕೋಣೆಯಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಾರೆ.

ನವೆಂಬರ್ 20ರವರೆಗೆ ಕಾಯುತ್ತೇನೆ.

ಶಹನಾ


ಅಜ್ಜಾವರ
15 ನವೆಂಬರ್ 2024

ಶಹನಾ ಟೀಚರಿಗೆ,

ಕೇಳಿದೆ. ಕೇಳಲು ಹದಿಮೂರು ದಿನ ಹಿಡಿಯಿತು.

ನಿನ್ನೆ ಬೆಳಿಗ್ಗೆ ಚಾ ಆದ ಮೇಲೆ ಅವಳು ಬಸಳೆ ಸೋಸುತ್ತಿದ್ದಳು. ನಿಮ್ಮ ಪತ್ರಗಳನ್ನೆಲ್ಲ ತಂದು, ಹಾರಿಸಿದ ಸಾಲುಗಳನ್ನೂ ಬಿಡದೆ ಓದಿದೆ. ನಾನು ಬರೆದದ್ದನ್ನು ಬಾಯಲ್ಲಿ ಹೇಳಿದೆ. ಬಸಳೆ ಸೋಸುವುದು ನಿಲ್ಲಿಸಲಿಲ್ಲ ಅವಳು.

“ಇದೆಲ್ಲ ನನಗೆ ಗೊತ್ತುಂಟಲ್ಲ” ಎಂದಳು. “ಅಳೆದವಳಿಗೆ ಗೊತ್ತಿರುದಿಲ್ವಾ?”

“ಬೇಜಾರಿಲ್ವಾ?” ಎಂದು ಕೇಳಿದೆ.

“ಶಾಲು ನಿಮಗೆ ಹಾಕಿದ್ದಕ್ಕೆ ಬೇಜಾರಾಗ್ಲಿಲ್ಲ. ಅವರಿಗೆ ಎಂತ ಗೊತ್ತು? ಆವತ್ತು ಮನೆಗೆ ಬಂದು ರಾತ್ರಿ ಊಟ ಮಾಡಿ ಮಲಗಿದ್ರಿ. ಒಂದು ಮಾತು ಹೇಳ್ಲಿಲ್ಲ ನನ್ನ ಹತ್ರ. ಅದು ಬೇಜಾರಾದ್ದು.”

ಹದಿನೈದು ವರ್ಷ ಆಯಿತು ಆ ರಾತ್ರಿ ಕಳೆದು. ನನ್ನದು ತಪ್ಪಾಯಿತು ಎಂದೆ. ಮದುವೆಯಾಗಿ ನಲವತ್ತಮೂರು ವರ್ಷದಲ್ಲಿ ಆ ಮಾತನ್ನು ಅವಳಿಗೆ ಹೇಳಿದ್ದು ಇದೇ ಮೊದಲು. ಅವಳು ಸೋಸಿದ ಬಸಳೆಯನ್ನು ಪಾತ್ರೆಗೆ ಹಾಕಿ, “ಆ 88ರ ಪುಸ್ತಕ ತನ್ನಿ” ಎಂದಳು.

ತಂದುಕೊಟ್ಟೆ. ಕನ್ನಡಕ ಹಾಕಿ ನನ್ನ ಕೆಂಪು ಪೆನ್ನಿನಲ್ಲಿ ಸೊನ್ನೆಗಳನ್ನು ಒಂದೊಂದೇ ಹೊಡೆದು ಹಾಕಿದಳು. ಒಂದು ತಾರೀಕಿಗೆ ಬಂದು ನಿಂತಳು. “ಈ ದಿನ ಮಳೆ ಇತ್ತು. ನೀವು ಬರುವಾಗ ಕೊಡೆ ಮುರಿದಿತ್ತು, ಗಂಜಿಯ ಪಾತ್ರೆಯನ್ನು ಅಂಗಿಯ ಒಳಗೆ ಇಟ್ಕೊಂಡು ಬಂದಿದ್ರಿ. ಅಂಗಿ ಹಿಂಡಿದ್ರೆ ಎರಡು ಗ್ಲಾಸ್ ಆಗ್ತಿತ್ತು” ಎಂದಳು. ನನಗೆ ಅದು ನೆನಪೇ ಇರಲಿಲ್ಲ. ನಗು ಬಂತು, ಅದರ ಜೊತೆಗೆ ಕಣ್ಣಿನಲ್ಲಿ ನೀರೂ ಬಂತು. ಪಕ್ಕದ ಜಾಗದಲ್ಲಿ ಅವಳ ಕೈಯಲ್ಲೇ ಬರೆದಳು, ‘ಅಳೆಯಲಿಲ್ಲ. ನಾನು ಹೆರಿಗೆಗೆ ಹೋಗಿದ್ದೆ.’ ನಾಲ್ಕನೇ ಕ್ಲಾಸಿನ ಅಕ್ಷರ, ಆದರೂ ನನ್ನದಕ್ಕಿಂತ ದುಂಡಗೆ ಉಂಟು. ಆ ಪುಟದ ಜೆರಾಕ್ಸ್ ಇದರ ಜೊತೆ ಇದೆ. ಉದಾಹರಣೆಗೆ ಹಾಕಿಕೊಳ್ಳಿ, ಒಪ್ಪಿಗೆ ಕೊಟ್ಟಿದ್ದಾಳೆ.

ಹೆಸರಿನ ಬಗ್ಗೆ ಕೇಳಿದೆ. ಹಾಕಬಹುದಂತೆ. ಕೊನೆಯ ಹತ್ತು ವರ್ಷ ಅಳೆದದ್ದು ನಾನಾದ್ದರಿಂದ ಅಷ್ಟಕ್ಕೆ ನನ್ನ ಹೆಸರು ಇರಲಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ ಎಂದಳು. ಎಂಟನೇ ತಾರೀಕಿಗೆ ಬರುತ್ತಾಳೆ. ವೇದಿಕೆ ಹತ್ತಲು ಮೊಣಗಂಟು ಬಿಡುವುದಿಲ್ಲ, ಕುರ್ಚಿಯನ್ನು ಕೆಳಗೆ ಹಾಕಿಸಿ. ಪುಸ್ತಕ ಬಿಡುಗಡೆ ಮಾಡುವವಳು ಅವಳು. ಉಳಿದ ಪುಟಗಳನ್ನೂ ಕಳಿಸಬೇಕಂತೆ. ‘ವೀಕ್ಷಕನು’ ಇನ್ನೂ ಎಷ್ಟು ಕಡೆ ಉಳಿದಿದ್ದಾನೆ ಎಂದು ನೋಡಬೇಕಂತೆ.

ನಿಮ್ಮ ಅಮ್ಮನನ್ನೂ ಕರೆದುಕೊಂಡು ಬನ್ನಿ. ನೀಲಾವತಿ ಹೇಳಿ ಕಳಿಸಿದ್ದು.

ಕಾರಣದ ಸಾಲು ಹೇಗೆ ಬರೆಯುವುದು ಎಂದು ಅವಳಲ್ಲಿ ಕೇಳಿದೆ. ಇದನ್ನಾದರೂ ನೀವೇ ಬರೆಯಿರಿ ಎಂದಳು. ಒಂದೇ ಸಾಲು ಎಂದಿದ್ದೀರಿ, ನನ್ನದು ಎರಡಾಯಿತು. ಹಕೀಮರಿಗೆ ಹೇಳಿ ಒಳಗೆ ಬಿಡಿಸಿ. ಸಭೆಯಲ್ಲಿ ನಾನು ನಿಂತು ಓದುವುದೂ ಇದನ್ನೇ:

‘ಅಳೆದವರು, 1982ರಿಂದ 2014: ನೀಲಾವತಿ, ಅಜ್ಜಾವರ. ಬದಲಾವಣೆಗೆ ಕಾರಣ: ಹೆಂಡತಿ ಅಳೆದ ಮಳೆಗೆ ಗಂಡ ತನ್ನ ಹೆಸರು ಬರೆದುಕೊಂಡಿದ್ದ. ಆ ಗಂಡ ನಾನು.’

ಕೂಸಪ್ಪ